ಹಳೇ ಹೋಟೆಲೋ, ಹೊಸ ಕೆಫೆಯೋ? ಬೆಂಗಳೂರಲ್ಲಿ ಕಾಫಿಗೆ ಹೊರಡುವ ಮುಂಚೆ

ನನ್ನ ಒಲವು ಯಾವ ಕಡೆಗಿದೆ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸ್ಟೀಲ್ ಲೋಟ, ಕಲ್ಲಿನ ಮೇಜು, ಗೋಡೆಗೆ ತೂಗುಹಾಕಿದ ತಿಂಡಿ ಪಟ್ಟಿ, ಗಲ್ಲಾದ ಹಿಂದೆ ಕೂತ ಯಜಮಾನರು. ಇಷ್ಟಿದ್ದರೆ ನನಗೆ ಸಾಕು. ಹಾಗಂತ ಇದು ಹೊಸ ಕೆಫೆಗಳನ್ನು ಬೈಯಲು ಬರೆದದ್ದಲ್ಲ. ಇಂದಿರಾನಗರದ ಕೆಫೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂರುವವರಿಗೆ ಬೇಕಾದದ್ದೇ ಬೇರೆ, ಗಾಂಧಿ ಬಜಾರಿನ ಬಾಗಿಲಲ್ಲಿ ದೋಸೆಗೆ ಸರದಿ ಕಾಯುವವರಿಗೆ ಬೇಕಾದದ್ದೇ ಬೇರೆ. ಒಂದು ಕಡೆ ಸಿಗುವುದನ್ನು ಇನ್ನೊಂದು ಕಡೆ ಹುಡುಕಿಕೊಂಡು ಹೋದವರೇ ಆಮೇಲೆ 'ಅಲ್ಲೇನಿದೆ ಮಹಾ' ಅಂತ ಮೂಗು ಮುರಿಯುವುದು.

ಹಾಗಾಗಿ ಯಾವುದು ದೊಡ್ಡದು, ಯಾವುದು ಚಿಕ್ಕದು ಎಂಬ ಜಗಳ ಬಿಟ್ಟು, ಯಾವಾಗ ಎಲ್ಲಿಗೆ ಹೋದರೆ ಕೊಟ್ಟ ಕಾಸಿಗೆ ಮೋಸವಿಲ್ಲ ಅನ್ನುವುದನ್ನು ನೋಡೋಣ. ಉದಾಹರಣೆಗಳೆಲ್ಲ ಬೆಂಗಳೂರಿನವು. ಎರಡೂ ಬಗೆಯ ಜಾಗಗಳು ಇಲ್ಲಿ ಒಂದೇ ರಸ್ತೆಯ ಎದುರು ಬದುರು ಸಿಗುತ್ತವೆ.

ಕಾಸು ಹೋಗುವುದು ಎಲ್ಲಿಗೆ

ದರ್ಶಿನಿಯಲ್ಲಿ ಒಂದು ಕಾಫಿಗೆ ಈಗ ಹೆಚ್ಚೂಕಡಿಮೆ 15ರಿಂದ 25 ರೂಪಾಯಿ. ಹೊಸ ಕೆಫೆಯಲ್ಲಿ ಒಂದು ಕ್ಯಾಪುಚಿನೋಗೆ 200 ರೂಪಾಯಿಯ ಆಚೀಚೆ, ಕೆಲವು ಕಡೆ 300ರ ಹತ್ತಿರ. ಇದನ್ನು ಕೇಳಿದ ತಕ್ಷಣ ಮನೆಯ ಹಿರಿಯರು 'ಅದರಲ್ಲೇನು ಚಿನ್ನ ಹಾಕ್ತಾರಾ?' ಅನ್ನುತ್ತಾರೆ. ಚಿನ್ನ ಹಾಕುವುದಿಲ್ಲ, ಕುರ್ಚಿ ಹಾಕುತ್ತಾರೆ. ಎರಡು ಗಂಟೆ ಕೂರಲು ಮೆತ್ತನೆಯ ಆಸನ, ಎ.ಸಿ., ವೈಫೈ, ಫೋನ್ ಚಾರ್ಜ್ ಮಾಡಲು ಪ್ಲಗ್ಗು, ಚೊಕ್ಕಟವಾದ ಶೌಚಾಲಯ, 'ಇನ್ನೇನಾದ್ರೂ ಬೇಕಾ ಸಾರ್' ಎಂದು ಮೂರು ಸಲ ಬಂದು ಎಬ್ಬಿಸದ ಸಿಬ್ಬಂದಿ. ಕಾಫಿಯ ಹೆಸರಿನಲ್ಲಿ ನೀವು ಕಟ್ಟುವುದು ಈ ಜಾಗದ ಬಾಡಿಗೆ. ಕೂತಷ್ಟು ಹೊತ್ತಿಗೆ ಲೆಕ್ಕ ಹಾಕಿದರೆ ಅದೇನೂ ದುಬಾರಿಯಲ್ಲ. ಆದರೆ ಅಷ್ಟು ಕೊಟ್ಟು ಹತ್ತು ನಿಮಿಷದಲ್ಲಿ ಕುಡಿದು ಎದ್ದರೆ ನಿಮ್ಮಷ್ಟು ದಡ್ಡರಿಲ್ಲ.

ಹೋಟೆಲಿನವರ ಲೆಕ್ಕ ಇದಕ್ಕೆ ತದ್ವಿರುದ್ಧ. ಇಪ್ಪತ್ತು ರೂಪಾಯಿಯ ಕಾಫಿಯಲ್ಲಿ ಉಳಿಯುವುದು ಚಿಲ್ಲರೆ ಕಾಸು. ನೀವು ಬೇಗ ಕುಡಿದು ಜಾಗ ಬಿಟ್ಟರಷ್ಟೇ ಅವರ ಲೆಕ್ಕ ಸರಿಹೋಗುವುದು. ಆರ್. ಪ್ರಭಾಕರ್ 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದಾಗ ಹಿಡಿದದ್ದು ಇದೇ ಸೂತ್ರವನ್ನು. ಕುರ್ಚಿ ತೆಗೆದರು, ಸಪ್ಲೈಯರ್ ಬೇಡ ಎಂದರು, ಅಡುಗೆಮನೆಯನ್ನು ಜನರ ಕಣ್ಣೆದುರಿಗೆ ತಂದರು, ಮೊದಲು ದುಡ್ಡು ಕೊಟ್ಟು ಟೋಕನ್ ತೆಗೆದುಕೊಳ್ಳಿ ಎಂದರು. ನಿಂತು ತಿನ್ನುವವನು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಎದೆಮಟ್ಟದ ಆ ಎತ್ತರದ ಮೇಜಿನ ಸುತ್ತ ದಿನಕ್ಕೆ ಎಷ್ಟು ಜನ ಬಂದು ಹೋಗುತ್ತಾರೆ ಅನ್ನುವುದರ ಮೇಲೆಯೇ ಇಡ್ಲಿಯ ಬೆಲೆ ನಿಂತಿರುತ್ತದೆ.

ಹಳೇ ಹೋಟೆಲುಗಳ ಅಗ್ಗದ ಬೆಲೆಗೆ ಇನ್ನೊಂದು ಕಾರಣವಿದೆ, ಅದನ್ನು ಯಾರೂ ಮೆನುವಿನಲ್ಲಿ ಬರೆಯುವುದಿಲ್ಲ. ಎಷ್ಟೋ ಕಡೆ ಕಟ್ಟಡ ಸ್ವಂತದ್ದು, ಇಲ್ಲವೇ ಎಂದೋ ನಿಗದಿಯಾದ ಬಾಡಿಗೆ. ಆ ಆಧಾರ ಕಳಚಿದ ದಿನ ಎಷ್ಟು ಒಳ್ಳೆಯ ದೋಸೆಯೂ ಹೋಟೆಲನ್ನು ಉಳಿಸುವುದಿಲ್ಲ. ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ 1954ರಿಂದ ನಡೆದುಬಂದಿದ್ದ ನ್ಯೂ ಕೃಷ್ಣ ಭವನ 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ಕೊನೆಯ ದಿನಗಳಲ್ಲೂ ಅಲ್ಲಿ ಜನ ಕಡಿಮೆಯಾಗಿರಲಿಲ್ಲ.

ಬಿಲ್ಲಿನ ಬಗ್ಗೆ ಒಂದು ಮಾತು. ಇಂಥ ಜಾಗಗಳಲ್ಲಿ ಜಿಎಸ್‌ಟಿ ಸಾಮಾನ್ಯವಾಗಿ ಶೇ. 5. ಕಾಂಪೊಸಿಷನ್ ಪದ್ಧತಿಯಲ್ಲಿರುವ, ಅಂದರೆ ಒಟ್ಟು ವಹಿವಾಟಿನ ಮೇಲೆ ನಿಗದಿತ ದರದಲ್ಲಿ ತಾವೇ ತೆರಿಗೆ ಕಟ್ಟುವ ಸಣ್ಣ ಹೋಟೆಲುಗಳು ಗ್ರಾಹಕರಿಂದ ಅದನ್ನು ಪ್ರತ್ಯೇಕವಾಗಿ ವಸೂಲಿ ಮಾಡುವಂತಿಲ್ಲ. ಕೆಲವು ಕೆಫೆಗಳ ಬಿಲ್ಲಿನ ಕೆಳಗೆ ಸರ್ವಿಸ್ ಚಾರ್ಜ್ ಅಂತ ಒಂದು ಸಾಲು ಇರುತ್ತದಲ್ಲ, ಅದನ್ನು ಗ್ರಾಹಕರ ಮೇಲೆ ಹೇರುವಂತಿಲ್ಲ ಎಂದು ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. ತೆಗೆಯಿರಿ ಎಂದು ಕೇಳಲು ಸಂಕೋಚ ಬೇಡ.

ಲೋಟದೊಳಗೆ ಏನಿದೆ

ಜಾಗದ ಮಾತು ಪಕ್ಕಕ್ಕಿಟ್ಟು ಬರೀ ಕಾಫಿಯನ್ನೇ ನೋಡುವುದಾದರೆ ನನ್ನದು ಒಂದೇ ನಿಯಮ. ಹಾಲು ಹಾಕಿದ ಕಾಫಿ ಬೇಕೆಂದರೆ ಹೋಟೆಲಿಗೆ ಹೋಗಿ, ಹಾಲಿಲ್ಲದ ಕಾಫಿ ಬೇಕೆಂದರೆ ಕೆಫೆಗೆ.

ಕಾರಣ ಹೇಳುತ್ತೇನೆ. ಹೋಟೆಲಿನ ಕಾಫಿ ಪುಡಿಯಲ್ಲಿ ಚಿಕೋರಿ ಇರುತ್ತದೆ. ಕಾಯ್ದೆಯ ಪ್ರಕಾರ ಅಂಥ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕು, ಅಂದರೆ ಚಿಕೋರಿ ಶೇ. 49ರವರೆಗೂ ಹೋಗಬಹುದು. ಒಳ್ಳೆಯ ಹೋಟೆಲಿನವರು ಅಷ್ಟು ದೂರ ಹೋಗುವುದಿಲ್ಲ. ಚಿಕೋರಿ ಒಂದು ಗಿಡದ ಬೇರು. ಹುರಿದು ಪುಡಿ ಮಾಡಿ ಬೆರೆಸಿದರೆ ಡಿಕಾಕ್ಷನ್ನಿಗೆ ಕಪ್ಪು ಬಣ್ಣ, ಮಂದ, ಒಂದಿಷ್ಟು ಕಹಿ ಬರುತ್ತದೆ. ಅದಕ್ಕೆ ಕುದಿಯುತ್ತಲೇ ಇರುವ ಗಟ್ಟಿ ಹಾಲು, ಸಕ್ಕರೆ. ಇವು ಒಂದಕ್ಕೊಂದು ಹೇಳಿಮಾಡಿಸಿದ ಜೋಡಿ. ಅರೇಬಿಕಾ ಎಂಬ ಜಾತಿಯ ಕಾಫಿಯನ್ನಷ್ಟೇ ಬಳಸಿದರೆ ಅದರ ನಾಜೂಕು ಪರಿಮಳ ಅಷ್ಟು ಹಾಲಿನಲ್ಲಿ ಮುಳುಗಿಹೋಗುತ್ತದೆ. ಇನ್ನೊಂದು ಜಾತಿಯಾದ ರೊಬಸ್ಟಾದ ಒರಟುತನ ಮತ್ತು ಚಿಕೋರಿಯ ಮಂದ ಮುಳುಗುವುದಿಲ್ಲ.

ಕೆಫೆಯಲ್ಲಿ ಕ್ಯಾಪುಚಿನೋ ಕುಡಿದ ನಮ್ಮ ಜನರ ಮೊದಲ ದೂರು 'ಬಿಸಿಯೇ ಇಲ್ಲ' ಎಂಬುದು. ಅದು ಅಲ್ಲಿನವರ ಸೋಮಾರಿತನವಲ್ಲ. ಎಸ್ಪ್ರೆಸೋ ಯಂತ್ರದ ಹಬೆಯಲ್ಲಿ ಹಾಲನ್ನು 60ರಿಂದ 65 ಡಿಗ್ರಿವರೆಗೆ ಮಾತ್ರ ಕಾಯಿಸುತ್ತಾರೆ. ಆ ಹದದಲ್ಲಿ ಹಾಲಿನ ಸಿಹಿ ನಾಲಿಗೆಗೆ ಚೆನ್ನಾಗಿ ತಿಳಿಯುತ್ತದೆ, ನೊರೆ ನುಣ್ಣಗೆ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚು ಕಾಯಿಸಿದರೆ ನೊರೆ ಒಡೆದು, ಕಾಯಿಸಿದ ಹಾಲಿನ ವಾಸನೆ ಮೇಲೇಳುತ್ತದೆ. ನಮಗೋ ಆ ವಾಸನೆಯೇ ಕಾಫಿ. ತುಟಿ ಸುಡುವ ಲೋಟವನ್ನು ಬಟ್ಟಲಿಗೆ ಎತ್ತಿ ಸುರಿದು ಆರಿಸಿಕೊಂಡು ಕುಡಿದು ಬೆಳೆದವರಿಗೆ 60 ಡಿಗ್ರಿಯ ಕಾಫಿ ಉಗುರುಬೆಚ್ಚಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಕೇಳಿದರೆ 'ಎಕ್ಸ್‌ಟ್ರಾ ಹಾಟ್' ಮಾಡಿಕೊಡುತ್ತಾರೆ, ಆದರೆ ಅಷ್ಟಕ್ಕಾಗಿ ಅಲ್ಲಿಗೆ ಹೋಗಬೇಕಾಗಿರಲಿಲ್ಲ.

ಹಾಲಿಲ್ಲದ ಕಾಫಿಯ ವಿಷಯಕ್ಕೆ ಬಂದರೆ ಹೊಸ ಕೆಫೆಗಳು ಮಾಡಿದ ಉಪಕಾರ ದೊಡ್ಡದು. ಭಾರತದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಬೆಳೆಯುವುದು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ. ಆದರೂ ಯಾವ ತೋಟದ ಕಾಫಿ ಹೇಗಿರುತ್ತದೆ ಎಂದು ಊರಿನವರಿಗೆ ಗೊತ್ತಿರಲಿಲ್ಲ, ಗೊತ್ತಾಗಲು ದಾರಿಯೂ ಇರಲಿಲ್ಲ. 1942ರ ಕಾಫಿ ಕಾಯ್ದೆಯ ಅಡಿಯಲ್ಲಿ ಬೆಳೆಗಾರರು ಫಸಲನ್ನು ಕಾಫಿ ಬೋರ್ಡಿನ ಪೂಲಿಗೆ, ಅಂದರೆ ಎಲ್ಲರ ಫಸಲು ಸೇರುವ ಒಟ್ಟು ಸಂಗ್ರಹಕ್ಕೆ, ಒಪ್ಪಿಸಬೇಕಿತ್ತು. ಒಳ್ಳೆಯದು, ಸಾಧಾರಣದ್ದು ಎಲ್ಲ ಅಲ್ಲಿ ಬೆರೆತು ಹೋಗುತ್ತಿತ್ತು. 1990ರ ದಶಕದಲ್ಲಿ ಈ ಕಟ್ಟು ಹಂತಹಂತವಾಗಿ ಸಡಿಲವಾಗಿ, ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವಂತಾಯಿತು. ಚಿಕ್ಕಮಗಳೂರಿನ ತೋಟದ ಮನೆತನದ ಸಿದ್ಧಾರ್ಥ ಅವರು 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದದ್ದೂ ಇದೇ ಕಾಲದಲ್ಲಿ. ಇವತ್ತು ಕೋರಮಂಗಲದಲ್ಲೋ ಜಯನಗರದಲ್ಲೋ ಒಂದು ಕೆಫೆಗೆ ಹೋಗಿ, ಹೆಸರಿರುವ ಒಂದು ತೋಟದ, ಹದವಾಗಿ ಹುರಿದ ಅರೇಬಿಕಾವನ್ನು ಪೋರ್ ಓವರ್‌ನಲ್ಲಿ (ಪುಡಿಯ ಮೇಲೆ ನಿಧಾನವಾಗಿ ಬಿಸಿನೀರು ಸುರಿದು ಸೋಸುವ ವಿಧಾನ) ಇಳಿಸಿಕೊಂಡು, ಸಕ್ಕರೆ ಇಲ್ಲದೆ ಕುಡಿದು ನೋಡಿ. ಕಿತ್ತಳೆ ಸಿಪ್ಪೆಯ ಹುಳಿಯೋ ಬೆಲ್ಲದ ಸಿಹಿಯೋ ನಾಲಿಗೆಗೆ ತಾಗುತ್ತದೆ. ಈ ಅನುಭವ ಯಾವ ದರ್ಶಿನಿಯಲ್ಲೂ ಸಿಗುವುದಿಲ್ಲ. ಅಲ್ಲಿ ಬ್ಲ್ಯಾಕ್ ಕಾಫಿ ಕೇಳಿದರೆ ಡಿಕಾಕ್ಷನ್ನಿಗೆ ಬಿಸಿನೀರು ಬೆರೆಸಿ ಕೊಡುತ್ತಾರೆ, ಅದು ಕಷಾಯಕ್ಕೆ ಹತ್ತಿರ.

ಇದೇ ನಿಯಮ ತಿರುಗಿಸಿ ನೋಡಿ: ಕೆಫೆಯ ಮೆನುವಿನಲ್ಲಿ 'ಸೌತ್ ಇಂಡಿಯನ್ ಫಿಲ್ಟರ್ ಕಾಫಿ' ಎಂದು 150 ರೂಪಾಯಿಗೆ ಬರೆದಿದ್ದರೆ ಅದರ ತಂಟೆಗೆ ಹೋಗಬೇಡಿ. ಡಿಕಾಕ್ಷನ್ ಇಳಿದ ಕೆಲವೇ ಗಂಟೆಗಳಲ್ಲಿ ಅದರ ಜೀವ ಹೋಗುತ್ತದೆ. ಬೆಳಗಿನಿಂದ ನಾಲ್ಕು ಜನ ಕೇಳಿದ ಕಡೆ ಹಳಸಲು ಡಿಕಾಕ್ಷನ್ ಸಿಗುವ ಸಾಧ್ಯತೆಯೇ ಹೆಚ್ಚು. ಹೋಟೆಲಿನಲ್ಲಿ ಅದು ಹಳಸಲು ಪುರಸೊತ್ತೇ ಇರುವುದಿಲ್ಲ. ಅಲ್ಲೂ ಮಧ್ಯಾಹ್ನ ಎರಡು ಮೂರು ಗಂಟೆಯ ಹೊತ್ತು ಸ್ವಲ್ಪ ಅನುಮಾನದ್ದು. ಸಂಜೆಯ ಗಿರಾಕಿಗಳಿಗೆ ಹೊಸದಾಗಿ ಇಳಿಸುವವರೆಗೆ ಕಾದರೆ ಒಳ್ಳೆಯದು. ದರ್ಶಿನಿಗಳಲ್ಲಿ ಸಕ್ಕರೆ ಮೊದಲೇ ಬೆರೆತಿರುತ್ತದೆ, ಬೇಡವಾದರೆ ಟೋಕನ್ ಕೊಡುವಾಗಲೇ ಹೇಳಿ. ಒಬ್ಬರಿಗೆ ಒಂದು ಲೋಟ ಜಾಸ್ತಿ ಅನ್ನಿಸಿದರೆ ಬೈ ಟು ಕೇಳಿ. ಹೊಸ ಕೆಫೆಯಲ್ಲಿ ಬೈ ಟು ಕೇಳುವ ಧೈರ್ಯ ನನಗಂತೂ ಬಂದಿಲ್ಲ.

ಹಳೆಯದೆಲ್ಲ ಒಂದೇ ಅಲ್ಲ

ಹಳೇ ಹೋಟೆಲ್ ಅಂದರೆ ಗಡಿಬಿಡಿ, ಹೊಸ ಕೆಫೆ ಅಂದರೆ ಆರಾಮ ಎಂದು ನೀವು ಇಷ್ಟು ಹೊತ್ತಿಗೆ ತೀರ್ಮಾನಿಸಿದ್ದರೆ ಸ್ವಲ್ಪ ನಿಲ್ಲಿ. ಹಳೆಯದರಲ್ಲೇ ಮೂರು ಜಾತಿಗಳಿವೆ.

ಮೊದಲನೆಯದು ಟಿಫಿನ್ ರೂಮು. ಉಡುಪಿ, ಕೋಟದ ಕಡೆಯಿಂದ ಬಂದವರು ಕಟ್ಟಿ ಬೆಳೆಸಿದ್ದೇ ಹೆಚ್ಚು. ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಶುರು ಮಾಡಿದ ಎಂಟಿಆರ್, ಮಲ್ಲೇಶ್ವರದ ಸಿಟಿಆರ್, 1943ರಲ್ಲಿ ಗಾಂಧಿ ಬಜಾರಿನಲ್ಲಿ ವಿದ್ಯಾರ್ಥಿಗಳಿಗೆಂದೇ ತೆರೆದ ವಿದ್ಯಾರ್ಥಿ ಭವನ. ಇಲ್ಲಿ ಕೂರಲು ಕುರ್ಚಿಯಿದೆ, ಸಪ್ಲೈಯರ್ ಇದ್ದಾರೆ, ಆದರೆ ಆ ಕುರ್ಚಿ ನಿಮ್ಮದಲ್ಲ. ನಾಲ್ಕು ಜನರ ಮೇಜಿನಲ್ಲಿ ನೀವಿಬ್ಬರು ಕೂತರೆ ಉಳಿದೆರಡು ಕಡೆ ಗುರುತಿಲ್ಲದವರು ಬಂದು ಕೂರುತ್ತಾರೆ, ಚಟ್ನಿ ಪಾತ್ರೆ ನಿಮ್ಮಿಂದ ಅವರಿಗೆ ದಾಟುತ್ತದೆ, ಮಾತು ಶುರುವಾಗುತ್ತದೆ. ನನಗೆ ಹಳೇ ಹೋಟೆಲಿನ ಸೊಗಸು ಅನ್ನಿಸುವುದು ದೋಸೆಗಿಂತ ಹೆಚ್ಚಾಗಿ ಇದೇ. ನಿವೃತ್ತ ಮೇಷ್ಟ್ರು, ಹೂ ಮಾರುವವರು, ಐಟಿ ಕಂಪನಿಯ ಹುಡುಗಿ ಒಂದೇ ಮೇಜಿನಲ್ಲಿ ಒಂದೇ ಬೆಲೆಯ ದೋಸೆ ತಿನ್ನುವ ಜಾಗ ಈ ಊರಿನಲ್ಲಿ ಇನ್ನೆಷ್ಟು ಉಳಿದಿವೆ? ಕೆಫೆಯಲ್ಲಿ ಪಕ್ಕದ ಮೇಜಿನವರನ್ನು ಮಾತಾಡಿಸಿದರೆ ವಿಚಿತ್ರವಾಗಿ ನೋಡುತ್ತಾರೆ. ಸ್ಟಾರ್‌ಬಕ್ಸ್ ಕಟ್ಟಿದ ಮೂವರಲ್ಲಿ ಒಬ್ಬರಾದ ಜೆವ್ ಸೀಗಲ್ 2022ರ ನವೆಂಬರಿನಲ್ಲಿ ಬೆಂಗಳೂರಿಗೆ ಬಂದಾಗ ವಿದ್ಯಾರ್ಥಿ ಭವನಕ್ಕೂ ಹೋಗಿ, ಮಸಾಲೆ ದೋಸೆ ತಿಂದು ಕಾಫಿ ಕುಡಿದು, ಅತಿಥಿಗಳ ಪುಸ್ತಕದಲ್ಲಿ ಮೆಚ್ಚುಗೆ ಬರೆದು ಹೋದರು.

ಎರಡನೆಯದು ನಿಂತು ತಿನ್ನುವ ಜಾಗ. ದರ್ಶಿನಿಗಳಿಗೂ ಮುಂಚಿನದಾದ ಶಂಕರಪುರದ ಬ್ರಾಹ್ಮಿಣ್ಸ್ ಕಾಫಿ ಬಾರ್ (1965), ಮಲ್ಲೇಶ್ವರದ ವೀಣಾ ಸ್ಟೋರ್ಸ್, ಆಮೇಲೆ ಬಡಾವಣೆಗೆ ಹತ್ತರಂತೆ ಹುಟ್ಟಿದ ದರ್ಶಿನಿಗಳು. ಇಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚಿನ ಕೆಲಸವಿಲ್ಲ. ತಟ್ಟೆ ಹಿಡಿದು ಫುಟ್‌ಪಾತಿನಲ್ಲೋ ಯಾರದೋ ಸ್ಕೂಟರ್ ಸೀಟಿನ ಪಕ್ಕದಲ್ಲೋ ನಿಂತು ತಿಂದು ಹೊರಡುವುದು.

ಮೂರನೆಯದನ್ನು ಜನ ಮರೆಯುತ್ತಾರೆ. ಅದು ಕೂತು ಹರಟುವ ಹಳೇ ಕಾಫಿ ಹೌಸು. ಕಾಫಿ ಬೋರ್ಡ್ ತಾನು ನಡೆಸುತ್ತಿದ್ದ ಕಾಫಿ ಹೌಸುಗಳನ್ನು 1950ರ ದಶಕದಲ್ಲಿ ಮುಚ್ಚಲು ಹೊರಟಾಗ, ಕೆಲಸ ಕಳೆದುಕೊಂಡ ನೌಕರರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಬೆಂಗಳೂರಿನ ಸಂಘ 1957ರ ಆಗಸ್ಟಿನಲ್ಲಿ ಹುಟ್ಟಿತು. ಅವರ ಇಂಡಿಯಾ ಕಾಫಿ ಹೌಸ್ ದಶಕಗಳ ಕಾಲ ಎಂ.ಜಿ. ರಸ್ತೆಯಲ್ಲಿದ್ದು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಬಂತು. ಬಿಳಿ ಸಮವಸ್ತ್ರ, ತಲೆಗೆ ಪೇಟ, ಮೊಟ್ಟೆ, ಕಟ್ಲೆಟ್, ಕಾಫಿ. ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್, ಲ್ಯಾವೆಲ್ ರಸ್ತೆಯಲ್ಲಿ ಮರದ ನೆರಳಿಗೆ ಕುರ್ಚಿ ಹಾಕಿಕೊಂಡಿರುವ ಏರ್‌ಲೈನ್ಸ್ ಇದೇ ಗುಂಪಿನವು. ಕೋಶೀಸ್ ಹೊಸ ಕೆಫೆಗಿಂತ ಅಗ್ಗವೇನಲ್ಲ. ಆದರೆ ಒಂದು ಕಾಫಿಗೆ ಒಂದು ಮಧ್ಯಾಹ್ನ ಕಳೆಯುವುದನ್ನು ಪತ್ರಕರ್ತರು, ವಕೀಲರು, ಬರಹಗಾರರು ಅಲ್ಲಿ ತಲೆಮಾರುಗಳಿಂದ ಮಾಡುತ್ತಿದ್ದಾರೆ. ಹರಟೆಗೆ ಹೊಸ ಕೆಫೆಯೇ ಬೇಕು ಅನ್ನುವವರು ಇವುಗಳನ್ನು ಒಮ್ಮೆ ನೋಡಿ ಬರಲಿ.

ತಿಂಡಿ

ಮೆನು ಎಷ್ಟು ಚಿಕ್ಕದೋ ತಿಂಡಿ ಅಷ್ಟು ತಾಜಾ. ಬ್ರಾಹ್ಮಿಣ್ಸ್ ಕಾಫಿ ಬಾರಿನಲ್ಲಿ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ ಬಿಟ್ಟರೆ ಹೇಳಿಕೊಳ್ಳುವಂಥದ್ದು ಇನ್ನೇನಿಲ್ಲ. ಸಾಂಬಾರ್ ಕೂಡ ಇಲ್ಲ, ಚಟ್ನಿ ಮಾತ್ರ, ಅದನ್ನು ಕೇಳಿದಷ್ಟು ಸಲ ಹಾಕುತ್ತಾರೆ. ಇಷ್ಟೇ ಐಟಂ ಇದ್ದಾಗ ಯಾವುದೂ ತಣ್ಣಗಾಗಿ ಮೂಲೆ ಸೇರುವುದಿಲ್ಲ. ರಾತ್ರಿ ರುಬ್ಬಿ ಹುದುಗಿಸಿದ ಹಿಟ್ಟು ಬೆಳಗಿನ ಗಿರಾಕಿಗೇ ಖರ್ಚಾಗುತ್ತದೆ, ಮುಗಿದರೆ ಮುಗಿಯಿತು. ದೊಡ್ಡ ದೋಸೆಕಲ್ಲಿನ ಮೇಲೆ ಒಂದೇ ಸಲಕ್ಕೆ ಸಾಲುಸಾಲಾಗಿ ಹುಯ್ಯುವುದರಿಂದ ನಿಮ್ಮ ದೋಸೆ ಬರುವುದು ಹತ್ತು ಜನರ ದೋಸೆಯ ಜೊತೆಗೆ. ಅದಕ್ಕೇ ಕಾಯಬೇಕಾಗುವುದು, ಅದಕ್ಕೇ ಅದು ಯಾವಾಗಲೂ ಕಲ್ಲಿನಿಂದ ಈಗಷ್ಟೇ ಎದ್ದದ್ದಾಗಿರುವುದು.

ಸಾಮಾನು ಕಡಿಮೆಯಿದ್ದಾಗಲೂ ಜನ ಬುದ್ಧಿ ಓಡಿಸಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದ್ದು ಎಂಟಿಆರ್‌ನವರು. ಅದೇ ಇವತ್ತಿನ ರವೆ ಇಡ್ಲಿ.

ಹೊಸ ಕೆಫೆಯ ಮೆನು ಪುಸ್ತಕದಷ್ಟಿರುತ್ತದೆ: ಪಾಸ್ತಾ, ಬಾವೋ, ಆವಕಾಡೋ ಟೋಸ್ಟ್, ಕೊರಿಯನ್ ಬನ್. ಸರಣಿ ಕೆಫೆಗಳಲ್ಲಿ ಇವುಗಳ ಬಹುಪಾಲು ಬೇರೆಲ್ಲೋ ತಯಾರಾಗಿ ಬಂದು ಇಲ್ಲಿ ಬಿಸಿಯಾಗುತ್ತದೆ. ಸ್ವಂತ ಬೇಕರಿ ಇರುವ ಕೆಫೆಯಾದರೆ ಬ್ರೆಡ್ಡು, ಕ್ರೋಸಾಂ ಧೈರ್ಯವಾಗಿ ತಿನ್ನಿ. ಹಾಲು ಒಗ್ಗದವರಿಗೆ, ಮೊಟ್ಟೆಯೋ ಬೀಜವೋ ಆಗದವರಿಗೆ ಕೆಫೆಯೇ ಕ್ಷೇಮ. ಅಲ್ಲಿ ಓಟ್ಸ್ ಹಾಲು ಸಿಗುತ್ತದೆ, ಯಾವುದರಲ್ಲಿ ಏನಿದೆ ಎಂದು ಕೇಳಿದರೆ ಹೇಳುತ್ತಾರೆ. ಟಿಫಿನ್ ರೂಮಿನಲ್ಲಿ ಬೆಣ್ಣೆ, ತುಪ್ಪ ಬೇಡ ಎಂದರೆ ಸಪ್ಲೈಯರ್ ನಿಮ್ಮ ಆರೋಗ್ಯ ವಿಚಾರಿಸಿಯಾರು.

ಯಾರಿಗೆ ಕಷ್ಟ

ಹಳೇ ಹೋಟೆಲುಗಳನ್ನು ನೆನೆದು ಕಣ್ಣೀರು ಹಾಕುವವರು ಈ ಭಾಗವನ್ನು ಹಾರಿಸಿಬಿಡುತ್ತಾರೆ. ಅದು ಸರಿಯಲ್ಲ.

ಕಳೆದ ಶತಮಾನದ ಮೊದಲ ದಶಕಗಳಲ್ಲಿ ಈ ಸೀಮೆಯ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ, ಉಳಿದವರಿಗೆ ಬೇರೆ ಜಾಗ ಇಡುವುದು ಸಾಮಾನ್ಯವಾಗಿತ್ತು. ದಲಿತರಿಗೆ ಪ್ರವೇಶವೇ ಇಲ್ಲದ ಹೋಟೆಲುಗಳಿಗೂ ಬರವಿರಲಿಲ್ಲ. ಕೆಲವು ಹೆಸರುಗಳಲ್ಲಿ ಆ ಕಾಲದ ನೆರಳು ಇನ್ನೂ ಇದೆ. ಈಗ ಮೇಜಿಗೆ ಯಾರು ಬೇಕಾದರೂ ಬರುತ್ತಾರೆ ಎಂದು ನಾನು ಮೇಲೆ ಹೊಗಳಿದ್ದೇನಲ್ಲ, ಅದು ಹೋಟೆಲಿನ ಹುಟ್ಟುಗುಣವಲ್ಲ. ಹೊರಗಿನ ಹೋರಾಟಗಳಿಂದ, ಕಾನೂನಿನಿಂದ ಬಂದದ್ದು. ನಿಂತು ತಿನ್ನುವ ದರ್ಶಿನಿಗಳಲ್ಲಂತೂ ಯಾರ ಪಕ್ಕ ಯಾರು ಎಂದು ನೋಡುವ ಅವಕಾಶವೇ ಉಳಿಯಲಿಲ್ಲ.

ಹೆಂಗಸರ ವಿಷಯವೂ ಹೀಗೇ. 'ಫ್ಯಾಮಿಲಿ ರೂಂ' ಎಂಬ ಬೋರ್ಡು, ಅದರ ಹಿಂದೆ ಪರದೆ ಇಳಿಬಿಟ್ಟ ಕತ್ತಲೆ ಕೋಣೆ. ಒಂದು ತಲೆಮಾರಿನ ಹಿಂದೆ ಹೆಂಗಸರು ಹೋಟೆಲಿನಲ್ಲಿ ಕಾಫಿ ಕುಡಿದದ್ದು ಅಲ್ಲೇ. ಈಗ ಪೇಟೆಯ ಹೋಟೆಲುಗಳಲ್ಲಿ ಪರದೆ ಹೋಗಿದೆ. ಆದರೂ ಒಬ್ಬಳೇ ಹೆಣ್ಣುಮಗಳು ಒಂದು ಪುಸ್ತಕ ಹಿಡಿದು ಒಂದು ಗಂಟೆ ಯಾರ ಕಣ್ಣಿಗೂ ಬೀಳದೆ ಕೂರಬೇಕೆಂದರೆ ನಾನು ಹೊಸ ಕೆಫೆಯ ದಾರಿಯನ್ನೇ ತೋರಿಸುತ್ತೇನೆ. ನನ್ನ ಅಕ್ಕ ಇದನ್ನು ಇನ್ನೂ ನೇರವಾಗಿ ಹೇಳುತ್ತಾಳೆ: 'ಇನ್ನೂರು ರೂಪಾಯಿ ಕೊಟ್ರೆ ಒಂದು ಒಳ್ಳೇ ಬಾತ್‌ರೂಮೂ ಸಿಗುತ್ತೆ ಕಣೋ, ಅದು ನಿಂಗೆ ಅರ್ಥ ಆಗಲ್ಲ.' ನಿಜ. ಹೆಸರುವಾಸಿ ಹೋಟೆಲುಗಳಲ್ಲೂ ಶೌಚಾಲಯದ ಸ್ಥಿತಿ ಅಷ್ಟಕ್ಕಷ್ಟೆ.

ಮಂಡಿನೋವಿನ ಹಿರಿಯರಿಗೆ ದರ್ಶಿನಿ ಶಿಕ್ಷೆ. ಗಾಲಿಕುರ್ಚಿಯವರಿಗೆ ಮೆಟ್ಟಿಲು ಹತ್ತಿ ಹೋಗಬೇಕಾದ ಟಿಫಿನ್ ರೂಮು ದೂರದ ಮಾತು. ಕೈಗೂಸು ಇರುವವರಿಗೆ ಭಾನುವಾರ ಬೆಳಗಿನ ಸರದಿ ಬೇಡವೇ ಬೇಡ.

ಹಳೆಯ ವೇಷದ ಹೊಸದು

ಈಗ ಮೂರನೇ ಬಗೆಯೊಂದು ಶುರುವಾಗಿದೆ. ಗೋಡೆಗೆ ಕಪ್ಪುಬಿಳುಪು ಫೋಟೋ, ಮೂಲೆಯಲ್ಲೊಂದು ಕೆಟ್ಟುಹೋದ ರೇಡಿಯೋ, ಮಾಸಿದಂತೆ ಕಾಣಲೆಂದೇ ಬಳಿದ ಬಣ್ಣ, ಹಿತ್ತಾಳೆ ಲೋಟ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಎರಡು ಇಡ್ಲಿಗೆ ಕೆಫೆಯ ಬೆಲೆ, ಕೂತು ಐದು ನಿಮಿಷವಾಗುವಷ್ಟರಲ್ಲಿ ಹೋಟೆಲಿನ ಅವಸರ. ಎರಡೂ ಕಡೆಯ ಕೆಟ್ಟದ್ದನ್ನು ಆರಿಸಿಕೊಂಡ ಜಾಗಗಳಿವು. ಎಲ್ಲವೂ ಹಾಗಲ್ಲ, ದರ್ಶಿನಿಯ ವೇಗವನ್ನು ಉಳಿಸಿಕೊಂಡು ಹೊಸ ರೂಪ ಕೊಟ್ಟವರೂ ಇದ್ದಾರೆ. 2021ರಲ್ಲಿ ಇಂದಿರಾನಗರದಲ್ಲಿ ಶುರುವಾದ ರಾಮೇಶ್ವರಂ ಕೆಫೆ ಹೊಳೆಯುವ ಬಟ್ಟೆ ತೊಟ್ಟ ದರ್ಶಿನಿಯೇ. ತುಪ್ಪ ಜಾಸ್ತಿ, ಜನ ಇನ್ನೂ ಜಾಸ್ತಿ.

ನಿಜವಾದ ಸಾದಾ ಹೋಟೆಲನ್ನು ಗುರುತಿಸುವುದಕ್ಕೆ ಹೆಸರು, ಇಸವಿ ಯಾವುದೂ ಬೇಕಿಲ್ಲ. ಬೆಳಗ್ಗೆ ಏಳು ಗಂಟೆಗೆ ಹೋಗಿ ನೋಡಿ. ವಾಕಿಂಗ್ ಮುಗಿಸಿ ಬಂದವರು, ಆಟೋದವರು, ಶಾಲೆಯ ಡಬ್ಬಿಗೆ ಪಾರ್ಸೆಲ್ ಒಯ್ಯುವವರು ಇದ್ದರೆ ಅಲ್ಲಿ ಹಿಟ್ಟು ಹಳತಾಗುವುದಿಲ್ಲ. ಗಲ್ಲಾದಲ್ಲಿ ಕೂತವರು ಗಿರಾಕಿಗಳನ್ನು ಹೆಸರು ಹಿಡಿದು ಕರೆದರೆ ಇನ್ನೂ ಒಳ್ಳೆಯದು. ಚಟ್ನಿ ನೀರಾಗಿದ್ದರೂ ಪರವಾಗಿಲ್ಲ, ತೆಂಗಿನಕಾಯಿಯ ವಾಸನೆ ಇರಬೇಕು. ಬಂದವರೆಲ್ಲ ತಟ್ಟೆಯ ಫೋಟೋ ತೆಗೆಯುತ್ತಿದ್ದರೆ ಸ್ವಲ್ಪ ಹುಷಾರಾಗಿರಿ, ಆದರೆ ಅದೊಂದೇ ಕಾರಣಕ್ಕೆ ಎದ್ದು ಬರಬೇಡಿ. ವಿದ್ಯಾರ್ಥಿ ಭವನದ ಸಪ್ಲೈಯರ್ ತೋಳಿನ ಮೇಲೆ ಹತ್ತಾರು ದೋಸೆ ತಟ್ಟೆ ಪೇರಿಸಿಕೊಂಡು ಬರುವಾಗ ಫೋನ್ ತೆಗೆಯದವರು ಯಾರಿದ್ದಾರೆ?

ಇನ್ನೊಂದು: ಬಾಗಿಲಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಕಾಯಿಸುವ ಹೆಸರುವಾಸಿ ಹೋಟೆಲಿಗಿಂತ ನಿಮ್ಮ ಮನೆಯ ತಿರುವಿನಲ್ಲಿರುವ ಹೆಸರಿಲ್ಲದ ದರ್ಶಿನಿ ಬಹಳ ಸಲ ಮೇಲು. ಮೈಸೂರು, ದಾವಣಗೆರೆ, ಉಡುಪಿಯವರಿಗೆ ಇದನ್ನು ಹೇಳಬೇಕಾಗಿಲ್ಲ. ಬೆಂಗಳೂರಿನವರು ಮಾತ್ರ ದೋಸೆಗಾಗಿ ಊರಿನ ಈ ತುದಿಯಿಂದ ಆ ತುದಿಗೆ ಹೋಗುವುದು.

ಸಂದರ್ಭ ನೋಡಿಕೊಂಡು

ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು ಮನೆಗಿಂತ ಹೊರಗೆ ಮೊದಲು ಭೇಟಿಯಾಗೋಣ ಎಂದರೆ, ಹುಡುಗ ಹುಡುಗಿ ಇಬ್ಬರೇ ಆದರೆ ಹೊಸ ಕೆಫೆ. ಪಕ್ಕದ ಮೇಜಿನವರು ಮಾತಿಗೆ ಬಾಯಿ ಹಾಕುವುದಿಲ್ಲ. ಹಿರಿಯರೂ ಬರುತ್ತಾರೆಂದರೆ ಕುರ್ಚಿಯಿರುವ ಹೋಟೆಲಿನ ಎ.ಸಿ. ಹಾಲ್. ಅಲ್ಲಿ ತಿಂಡಿಯ ಬೆಲೆ ಸ್ವಲ್ಪ ಹೆಚ್ಚು, ಆದರೆ ಮೆನು ನೋಡಿ ಯಾರೂ ಕಕ್ಕಾಬಿಕ್ಕಿಯಾಗುವುದಿಲ್ಲ.

ಕೆಲಸದ ಸಂದರ್ಶನ, ಆನ್‌ಲೈನ್ ಮೀಟಿಂಗ್, ಪರೀಕ್ಷೆಗೆ ಓದು: ಕೆಫೆ, ಚರ್ಚೆಯೇ ಬೇಡ. ದರ್ಶಿನಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿದರೆ ಅದರ ಮೇಲೆ ಯಾರೋ ಸಾಂಬಾರಿನ ಬಟ್ಟಲು ಇಟ್ಟು ಹೋಗುತ್ತಾರೆ. ಹಾಗೆಯೇ, ಒಂದೇ ಕಾಫಿ ತೆಗೆದುಕೊಂಡು ಕೆಫೆಯಲ್ಲಿ ಇಡೀ ದಿನ ಕಳೆಯುವವರಿಗೂ ಒಂದು ಮಾತು. ಎರಡು ಗಂಟೆಗೊಮ್ಮೆ ಏನಾದರೂ ತರಿಸಿ, ಆ ಕುರ್ಚಿಗೂ ಬಾಡಿಗೆಯಿದೆ.

ತುಂಬ ದಿನದ ಮೇಲೆ ಸಿಕ್ಕ ಸ್ನೇಹಿತರ ಜೊತೆ ಹರಟೆಗೆ ಇಂಡಿಯಾ ಕಾಫಿ ಹೌಸ್ ಅಥವಾ ಏರ್‌ಲೈನ್ಸ್. ಬೆಳಗ್ಗೆ ಆಫೀಸಿಗೆ ಮುಂಚೆ ಒಬ್ಬರೇ ಇದ್ದರೆ ದರ್ಶಿನಿ. ಮನಸ್ಸು ಕೆಟ್ಟ ದಿನವೂ ದರ್ಶಿನಿಯೇ ಸರಿ. ಸುತ್ತ ಅಷ್ಟು ಜನ, ಅಷ್ಟು ಗದ್ದಲ ಇದ್ದಾಗ ಒಬ್ಬರೇ ಅನ್ನಿಸುವುದಿಲ್ಲ, ಯಾರ ಜೊತೆಗೂ ಮಾತಾಡಬೇಕಾಗಿಯೂ ಇಲ್ಲ.

ವಿದೇಶದಿಂದ ಬಂದ ಸಂಬಂಧಿಕರನ್ನೋ ಆಫೀಸಿನ ಅತಿಥಿಗಳನ್ನೋ ಹಳೇ ಹೋಟೆಲಿಗೆ ಕರೆದೊಯ್ಯುವ ಉಮೇದಿದ್ದರೆ ವಾರದ ದಿನ, ಬೆಳಗ್ಗೆ ಎಂಟರೊಳಗೆ ಹೋಗಿ. ಭಾನುವಾರ ಗಾಂಧಿ ಬಜಾರಿನಲ್ಲಿ ನಿಲ್ಲಿಸಿಕೊಂಡರೆ ದೋಸೆ ಬರುವ ಹೊತ್ತಿಗೆ ಅವರ ಆಸೆ ಸತ್ತಿರುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೂ ಸಂಜೆಯ ತಿಂಡಿಗೂ ನಡುವೆ ಹಲವು ಟಿಫಿನ್ ರೂಮುಗಳು ಬಾಗಿಲು ಹಾಕಿರುತ್ತವೆ. ವಾರದ ರಜೆಯನ್ನೂ ವಿಚಾರಿಸಿಕೊಳ್ಳಿ: ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ, ವಿದ್ಯಾರ್ಥಿ ಭವನಕ್ಕೆ ಶುಕ್ರವಾರ, ಬ್ರಾಹ್ಮಿಣ್ಸ್ ಕಾಫಿ ಬಾರಿಗೆ ಭಾನುವಾರ ರಜೆ ಎಂಬುದು ರೂಢಿ. ಹಬ್ಬ ಹರಿದಿನಗಳಲ್ಲಿ ಇದು ಬದಲಾಗಬಹುದು, ಹೊರಡುವ ಮುಂಚೆ ಒಂದು ಫೋನ್ ಮಾಡಿ.